ಬಿಸಿ ಟವೆಲ್ಲಿನವಳು

ನ್ಯೂ ಬ್ರನ್ಸ್‌ವಿಕ್ ಕರಾವಳಿಯ ಆ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವುದು ಲೊರೆಟ್‌ಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ಮರೆವಿನ ಕಾಯಿಲೆಯವರು ನೀರು ಕಂಡರೆ ಕಿರುಚುತ್ತಾರೆ, ಪರಚುತ್ತಾರೆ, ಬಾಯಿಗೆ ಬಂದಂತೆ ಬೈಯುತ್ತಾರೆ. ಲೊರೆಟ್ ಎಲ್ಲ ಬೈಸಿಕೊಂಡು ಮೈ ತೊಳೆದು, ಒಣಗಿಸುವ ಯಂತ್ರದಿಂದ ಆಗತಾನೇ ತೆಗೆದ ಟವೆಲ್ ಹೆಗಲಿಗೆ ಹೊದಿಸಿ, ಅದರ ಬಿಸಿ ಆರುವವರೆಗೂ ಅಪ್ಪಿ ಹಿಡಿದಿರುತ್ತಿದ್ದಳು.

"ಜಗಳ ಎಲ್ಲ ಮರೀತಾರೆ ಕಣೆ, ಕೊನೇದು ಮಾತ್ರ ಮೈಯಲ್ಲಿ ಉಳಿಯುತ್ತೆ," ಎಂದು ಜೊತೆ ಕೆಲಸದ ಮುರಿಯೆಲ್‌ಗೆ ಹೇಳುತ್ತಿದ್ದಳು. "ಟವೆಲ್ ತಣ್ಣಗಿತ್ತೋ, ನಾಳೆ ಬಾಗಿಲಲ್ಲೇ ಕಚ್ಚುತ್ತೆ ಮುದುಕಿ."

ಅಂಥವಳೇ ಎಡವಿದಳು ನೋಡಿ. ದೀಪದ ಬುಡದಲ್ಲೇ ಕತ್ತಲೆ.

ಅವಳ ತಾಯಿ ಎಕ್ಸಿಲ್ಡಾ ಸಾಮಾನ್ಯಳಲ್ಲ. ಗಂಡ ಸಮುದ್ರದ ಪಾಲಾದಾಗ ಮಗಳಿಗೆ ಮೂರು ವರ್ಷ. ಲಾಬ್‌ಸ್ಟರ್ ಕಾರ್ಖಾನೆಯಲ್ಲಿ ಚಿಪ್ಪು ಒಡೆದೂ ಒಡೆದೂ ಬೆರಳು ಸೊಟ್ಟಗಾದರೂ ಮಗಳನ್ನು ಕಣ್ಣರೆಪ್ಪೆಯಲ್ಲಿಟ್ಟು ಸಾಕಿದಳು. ಸಮುದ್ರ ಇಳಿದ ಹೊತ್ತಿನಲ್ಲಿ ಇಬ್ಬರೂ ಕೆಸರಿಗಿಳಿದು ಮರುವಾಯಿ ಚಿಪ್ಪುಮೀನು ಅಗೆಯುತ್ತ, ಒಬ್ಬರ ಮೂಗಿಗೊಬ್ಬರು ಕೆಸರು ಮೆತ್ತಿ ನಗುತ್ತಿದ್ದರು. ಐವತ್ತೈದು ವರ್ಷ ಒಂದೇ ಸೂರು, ಒಂದೇ ಒಲೆ. ಕಡೆಗೆ ತಾಯಿಗೂ ಮರೆವು ಬಂತು. ಬರಿಗಾಲಲ್ಲಿ ಹಿಮದೊಳಗೆ ಹೊರಟುಬಿಡುವಳು. ಎರಡು ಸಲ ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿತು. ಲೊರೆಟ್ ತಾನೇ ಏನು ಮಾಡಿಯಾಳು?

ನವೆಂಬರಿನ ಒಂದು ಮಂಗಳವಾರ, "ಅಮ್ಮಾ, ಐಸ್‌ಕ್ರೀಮ್ ತಿಂದ್ಕೊಂಡು ಬರೋಣ ಬಾ," ಎಂದಳು. ಎಕ್ಸಿಲ್ಡಾ ಹಿಗ್ಗಿನಿಂದ ಇಗರ್ಜಿಯ ಕೋಟು ತೊಟ್ಟು ಹೊರಟಳು. ಕಾರು ನಿಂತದ್ದು ಲೊರೆಟ್ ಕೆಲಸ ಮಾಡುವ ಆಶ್ರಮದ ಮುಂದೆ.

"ಏನೂ ಹೇಳ್ಬೇಡ, ಸುಮ್ನೆ ಹೋಗ್ಬಿಡು. ಹೇಳಿದ್ರೆ ರಂಪ ಆಗುತ್ತೆ," ಎಂದಳು ದಾದಿ. ತಾಯಿ ಕಿಟಕಿಯ ಕಡೆ ತಿರುಗಿದ್ದಾಗ ಲೊರೆಟ್ ಓಡಿಬಿಟ್ಟಳು. ಇಪ್ಪತ್ತಾರು ವರ್ಷದಲ್ಲಿ ಯಾರನ್ನೂ ಹಾಗೆ ಬಿಟ್ಟು ಹೋದವಳಲ್ಲ.

ಅಷ್ಟೇ. ಐವತ್ತೈದು ವರ್ಷ ಕೊಚ್ಚಿಹೋಯಿತು, ಆ ಮಂಗಳವಾರ ಉಳಿಯಿತು. ಒಳ್ಳೆಯ ಊಟದ ಕೊನೆಯ ತುತ್ತಿನಲ್ಲಿ ಕಲ್ಲು ಸಿಕ್ಕ ಹಾಗೆ. ಮಗಳನ್ನು ಕಂಡರೆ ಎಕ್ಸಿಲ್ಡಾ ಗೋಡೆಗೆ ಮುಖ ತಿರುಗಿಸುವಳು. ಪ್ರೀತಿಯಿಂದ ಮಾಡಿ ತಂದ ಕಾಕಂಬಿ ಬಿಸ್ಕತ್ತನ್ನು ನೆಲಕ್ಕೆಸೆದಳು. "ಹೋಗೇ! ಬಿಟ್ಟು ಹೋಗೋಳು ನೀನು!"

ತಮ್ಮವರಿಗೆ ತಾವೇ ಸ್ನಾನ ಮಾಡಿಸುವಂತಿಲ್ಲ ಎಂಬುದು ಆಶ್ರಮದ ನಿಯಮ. ಫೆಬ್ರವರಿಯಲ್ಲಿ ಲೊರೆಟ್ ಮುರಿಯೆಲ್‌ಳ ಕೈ ಹಿಡಿದುಕೊಂಡಳು. "ಸ್ನಾನ ನೀನೇ ಮಾಡ್ಸೆ. ಕೊನೇಲಿ ಟವೆಲ್ ಹೊದಿಸೋಕೆ ಮಾತ್ರ ನನ್ನ ಬಿಡು. ಹಿಂದಿನಿಂದ ಬರ್ತೀನಿ, ತುಟಿಪಿಟಕ್ ಅನ್ನಲ್ಲ."

"ಮೇಲಿನೋರಿಗೆ ಗೊತ್ತಾದ್ರೆ ಇಬ್ಬರನ್ನೂ ಒಟ್ಟಿಗೇ ಒಗೆದು ಒಣಗ್ಹಾಕ್ತಾರೆ," ಎಂದಳು ಮುರಿಯೆಲ್. ಆದರೂ ಬಿಟ್ಟಳು.

ಟವೆಲ್ ಹೆಗಲ ಮೇಲೆ ಬಿದ್ದದ್ದೇ, ಅಲ್ಲಿಯವರೆಗೂ ಕೂಗುತ್ತಿದ್ದ ಎಕ್ಸಿಲ್ಡಾ ಕಣ್ಣುಮುಚ್ಚಿ ಮಗಳ ತೋಳಿಗೆ ಒರಗಿದಳು.

"ಯಾರವ್ವಾ ನೀನು? ಕೈ ಎಷ್ಟು ಬೆಚ್ಚಗಿದೆ! ನಂಗೂ ಒಬ್ಳು ಮಗಳಿದ್ಲು. ಬಿಟ್ಟು ಹೋದ್ಲು, ಪಾಪಿ. ನೀನು ಹೋಗ್ಬೇಡ."

ಎದುರಿಗೆ ಬಂದು ನಾನೇ ಆ ಪಾಪಿ ಎಂದುಬಿಡಲೇ? ಅಂದರೆ ಇದೂ ಹಾಳಾಗುತ್ತದೆ. ಲೊರೆಟ್ ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ ಅಪ್ಪಿಕೊಂಡಳು.

"ಹೋಗಲ್ವಂತೆ ಅಜ್ಜಿ," ಎಂದು ಮುರಿಯೆಲ್ಲೇ ಹೇಳಿದಳು.

ಆಮೇಲೆ ವಾರಕ್ಕೆರಡು ಸಲ ಹೀಗೇ. ಏಪ್ರಿಲ್‌ನಲ್ಲಿ ಎಕ್ಸಿಲ್ಡಾ ಹಾಸಿಗೆ ಹಿಡಿದಳು. ಪಾದ್ರಿ ಬಂದು ಹೋದ ಮೇಲೆ, "ಆ ಬಿಸಿ ಟವೆಲ್ಲಿನವಳನ್ನ ಕರೀರಿ," ಎಂದಳು. ಲೊರೆಟ್ ತಲೆದೆಸೆಯಿಂದಲೇ ಬಂದು, ಟವೆಲ್ ಹೊದಿಸಿ, ಅಲ್ಲೇ ಹಿಂದೆ ಕುಳಿತಳು. ತಾಯಿ ಅವಳ ಕೈಯನ್ನು ಕೆನ್ನೆಗೊತ್ತಿಕೊಂಡು ನೆಮ್ಮದಿಯಾಗಿ ಹೋದಳು.

ಕೈ ಸಡಿಲವಾದ ಮೇಲೆ ಲೊರೆಟ್ ಎದ್ದು ಎದುರಿಗೆ ಬಂದಳು. ಮುಚ್ಚಿದ ಕಣ್ಣುಗಳ ಮುಂದೆ ನಿಂತು, ಆಗ ಬಾಯಿಬಿಟ್ಟು ಹೇಳಿದಳು: "ಅಮ್ಮಾ, ನಾನು ಲೊರೆಟ್."