ರೇಷ್ಮೆಹುಳುವಿದ್ದ ಮನೆಯಲ್ಲಿ ಕೇಕು

ನಾನು ಎಂ.ಎ. ಮುಗಿಸಿ ಶ್ರೀನಿವಾಸಪುರದ ಬಳಿಯ ನಮ್ಮೂರಿಗೆ ಬಂದ ವರ್ಷ, ದಸರಾ ರಜೆಯಲ್ಲಿ ಅಕ್ಕನ ಇಬ್ಬರು ಮಕ್ಕಳಿಗೆ ಕೇಕು ಮಾಡಲು ಒಪ್ಪಿಕೊಂಡೆ. ಮರಳು ತುಂಬಿದ ಬಾಣಲೆಯನ್ನು ಒಲೆಗಿಟ್ಟು, ಅದರೊಳಗೆ ಹಿಟ್ಟಿನ ಪಾತ್ರೆಯಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದೆ. ಅಂಥದ್ದನ್ನು ಎಂದೂ ತಿಂದಿರದ ಮಕ್ಕಳು ಒಲೆಯ ಮುಂದಿನಿಂದ ಏಳಲೇ ಇಲ್ಲ.

ಕೇಕು ಅರ್ಧ ಬೆಂದಿರಬೇಕು, ವೆನಿಲ್ಲಾದ ವಾಸನೆ ಮನೆಯೆಲ್ಲ ಹರಡಿತು. ಪಕ್ಕದ ಕೋಣೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಚಿಕ್ಕಪ್ಪ ಓಡಿಬಂದರು. ಗಾಟು ವಾಸನೆ ಹುಳುಗಳಿಗಾಗದೆಂದು ಆ ತಿಂಗಳು ನಮ್ಮಲ್ಲಿ ಒಗ್ಗರಣೆ ಕೂಡ ಇರಲಿಲ್ಲ.

"ಇಷ್ಟೆಲ್ಲ ಓದಿ ಇಷ್ಟೂ ತಿಳೀದಾ? ಹುಳ ಸತ್ತೋಗ್ತವೆ ಕಣೇ!" ಎಂದು ಒಲೆಗೆ ಒಂದು ಚೊಂಬು ನೀರು ಸುರಿದೇಬಿಟ್ಟರು. ಅವರ ತುಟಿಯಲ್ಲಿ ಬೀಡಿ ಉರಿಯುತ್ತಿತ್ತು. ಹೊಗೆಸೊಪ್ಪಿಗಿಂತ ದೊಡ್ಡ ವಿಷ ಹುಳುಗಳಿಗಿಲ್ಲವೆಂದು ಊರಿಗೆಲ್ಲ ಗೊತ್ತು.

"ತಾತ, ಹುಳಕ್ಕೆ ಬೀಡಿ ಆಗುತ್ತಾ?" ಎಂದಳು ಚಿಕ್ಕವಳು.

"ಅದು ಅವಕ್ಕೆ ರೂಢಿ ಆಗೋಗೈತೆ ಕಣಮ್ಮಿ."

ಪಾತ್ರೆಯ ನಡುವೆ ಹಸಿ ಹಿಟ್ಟೇ ಇತ್ತು. ಅಂಚಿನಲ್ಲಿ ಬೆಂದಷ್ಟನ್ನು ಕೆರೆದು ಮಕ್ಕಳಿಗೆ ಕೊಟ್ಟೆ. ಚಿಕ್ಕಪ್ಪನೂ ಸಂಕೋಚವಿಲ್ಲದೆ ಕೈ ಚಾಚಿದರು.

"ಬೇಡಿ, ನಿಮ್ಮ ಕೈಗೆ ವಾಸನೆ ಹತ್ತುತ್ತೆ," ಎಂದು ಪಾತ್ರೆಯನ್ನು ಮಕ್ಕಳ ಕಡೆಗೆ ಸರಿಸಿದೆ.