ಟಗರಿನ ಕೊಂಬಿನ ಚೂರಿ

ಆಲಮೇಲದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನ ಕುಲುಮೆ ಇತ್ತು. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಅಪ್ಪನ ಜೊತೆ ಕೆಲಸಕ್ಕೆ ಕೂತೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಲಾರಿಯ ಸ್ಪ್ರಿಂಗಿನ ಮುರಿದ ಪಾಟಾ ಕಾಸಿ, ಬಡಿದು ಅಪ್ಪ ಚೂರಿ ಮಾಡುತ್ತಿದ್ದ. ಹಿಡಿಕೆ ಕೂರಿಸುವುದು, ಒರೆ ಹೊಲಿಯುವುದು ನನ್ನ ಪಾಲು. ವಿಧವೆ ಹೆಂಗಸು ತೊಗಲು ಮುಟ್ಟುತ್ತಾಳೆ ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ ಅಂದುಕೊಂಡೆ. ಕೈಗೆ ಕೆಲಸವಿದ್ದರೆ ಮನೆಯ ಮೂಲೆ ಹಿಡಿದು ಕೂರುವುದು ತಪ್ಪುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಭೀಮಾ ದಂಡೆಗೆ ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಕುರುಬ ನಮಗೆ ಬಹಳ ಬೇಕಾದವನು. ಬಂದಾಗಲೆಲ್ಲ ಕುಲುಮೆಯಲ್ಲಿ ಕೂತು ತಿದಿ ಒತ್ತುತ್ತ ಹರಟುತ್ತಿದ್ದ. ಒಂದು ಸಲ ಕಂಬಳಿಯಲ್ಲಿ ಸುತ್ತಿದ ಕೊಂಬು, ಉಪ್ಪು ಸವರಿದ ತೊಗಲು ತಂದು ಅಪ್ಪನ ಮುಂದಿಟ್ಟ.

“ನನ್ನ ಟಗರಿಂದರಿ ಕಾಕಾ. ಹಾವು ಕಡದು ಸತ್ತಿತು. ಇದರಾಗ ಒಂದು ಚೂರಿ ಮಾಡಿಕೊಡ್ರಿ. ಸೊಂಟದಾಗಿದ್ದರ ಅದು ಜೋಡಿ ಬಂದಂಗ ಆಗ್ತೈತಿ.”

ತೊಗಲನ್ನು ಜಾಲಿ ತೊಗಟೆಯ ನೀರಿನಲ್ಲಿ ಕೆಂಪಗಾಗುವವರೆಗೆ ನೆನೆಹಾಕಿದೆ. ಕೊಂಬು ಡೊಂಕು, ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಕಲ್ಲು ಹೇರಿ ನೆಟ್ಟಗಾಗಿಸಿದೆ. ಅಪ್ಪ ಅಲಗನ್ನು ಕಾಸಿ ಕುಸುಬಿ ಎಣ್ಣೆಯಲ್ಲಿ ಅದ್ದಿದಾಗ ಕುಲುಮೆಯ ತುಂಬ ಹೊಗೆ. ಕೊಂಬಿನೊಳಗೆ ಅರಗು ಕರಗಿಸಿ ಅಲಗು ಕೂರಿಸಿದ. ಮೇಣ ಹಚ್ಚಿದ ದಾರದಿಂದ ನಾನು ಒರೆ ಹೊಲಿದೆ. ನಮ್ಮ ಕೈಯಿಂದ ಅದಕ್ಕಿಂತ ಚೆಂದದ ಚೂರಿ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಕುರುಬ ಅದನ್ನು ಹಣೆಗೆ ಒತ್ತಿಕೊಂಡು, “ಅಕ್ಕಾ, ಅದರ ಮೈವಾಸನಿ ಇನ್ನೂ ಹಂಗ ಐತಿ” ಅಂದ.

ಮರುವರ್ಷ ಅವನ ಕುರಿಗಳು ಒಬ್ಬ ರೈತನ ಕಬ್ಬಿಗೆ ಬಿದ್ದವು. ರೈತನ ಮಗ ಬಡಿಗೆ ತಗೊಂಡು ಬಂದು ಒಂದು ಮರಿಯನ್ನು ಬಡಿದು ಕೊಂದ. ಕುರುಬ ಚೂರಿ ಹಿರಿದ. ಸಿಂದಗಿಯ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಆ ಹುಡುಗನ ಜೀವ ಹೋಯಿತು.

ಪೊಲೀಸ್ ಫೌಜದಾರರು ಕುಲುಮೆಗೆ ಬಂದು ಬಟ್ಟೆಯ ಗಂಟು ಬಿಚ್ಚಿದರು. “ಇದು ನಿನ್ನ ಕೈಯಾಗಿಂದ ಹೌದೋ ಅಲ್ಲೋ?”

ಅಪ್ಪ ಮುಟ್ಟಲಿಲ್ಲ. “ಹೌದ್ರಿ ಸಾಹೇಬ್ರ.”

“ಒರಿ?”

“ನನ್ನ ಮಗಳು ಹೊಲದದ್ದರಿ.”

ಆಮೇಲೆ ಕುರುಬನ ಹೆಂಡತಿ ಬಂದಳು. ಸೊಂಟದಲ್ಲಿ ಕೂಸು. ಒಳಗೆ ಬಾ ಅಂದರೂ ಬರಲಿಲ್ಲ.

“ಅಲ್ಲ ಅಂದಿದ್ದರ ಏನಾಗ್ತಿತ್ತರಿ ಕಾಕಾ?”

“ಕಣ್ಣಾರೆ ನೋಡಿದ ಮಂದಿ ಭಾಳ ಅದಾರವ್ವಾ. ನಾ ಒಬ್ಬ ಅಲ್ಲ ಅಂದರ ಬಿಡತಿದ್ದರೇನು?”

“ಬಿಡತಿದ್ದಿಲ್ಲರಿ. ಆದರ ನೀವು ಆ ಮಂದ್ಯಾಗ ಕೂಡಬಾರದಿತ್ತು.”

ಆಕೆ ಹೋದ ಮೇಲೆ ಅಪ್ಪ ಮತ್ತೆ ತಿದಿ ಒತ್ತಲಿಲ್ಲ. ಕುಲುಮೆಯ ಬೆಂಕಿ ಆರಿಹೋಯಿತು.

ವಿಜಾಪುರದ ಕೋರ್ಟಿನಲ್ಲಿ ಅಪ್ಪ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ನಾನೂ ಜೊತೆಗೆ ಹೋಗಿದ್ದೆ. ಕಟಕಟೆಯಲ್ಲಿದ್ದ ಕುರುಬ ಅಪ್ಪನನ್ನು ಕಂಡೊಡನೆ, ಕುಲುಮೆಗೆ ಬಂದಾಗ ಮಾಡುತ್ತಿದ್ದಂತೆಯೇ, ಕೈ ಮುಗಿದ. ಅಪ್ಪ ತಗ್ಗಿದ ದನಿಯಲ್ಲಿ ಹೌದು ಅಂದ. ಜೋರಾಗಿ ಹೇಳು ಎಂದು ವಕೀಲರು ಗದರಿದರು. ಅಪ್ಪ ಜೋರಾಗಿ ಹೇಳಿದ. ಕುರುಬನಿಗೆ ಜನ್ಮಠೇಪಿ ಆಯಿತು, ಜೀವ ಇರುವವರೆಗೂ ಜೈಲು.

ಅದಾದ ಸ್ವಲ್ಪ ದಿನಕ್ಕೆ ಆಚೆ ಊರಿನ ಪಡ್ಡೆ ಹುಡುಗರು ನಗುತ್ತ ಕುಲುಮೆಗೆ ಬಂದರು. “ಮುದುಕಾ, ಆ ಚೂರಿ ಇತ್ತಲ್ಲ, ಖೂನಿ ಮಾಡಿದ್ದು, ಅಂಥಾದ ಒಂದೊಂದು ನಮಗೂ ಮಾಡಿಕೊಡು.”

ಅಪ್ಪ ಅವರನ್ನು ಹೊರಗಟ್ಟಿದ. ಇನ್ನು ಮೇಲೆ ಚೂರಿ ಮಾಡುವುದಿಲ್ಲ ಅಂದ. ಕುಡುಗೋಲು, ಕಳೆ ತೆಗೆಯುವ ಕುರ್ಚಿಗಿ ಅಷ್ಟೇ. ಅದರಿಂದ ಆದದ್ದೇನು? ಆ ಹುಡುಗರು ಸಿಂದಗಿ ಸಂತೆಯಲ್ಲಿ ಕಾರ್ಖಾನೆಯ ಚೂರಿ ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಬಾಗಿಲ ಮುಂದೆಯೇ ತಿರುಗಾಡಿದರು. ಅಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ಕುಡುಗೋಲಿಗೆ ಹಲ್ಲು ಕೊಯ್ಯುತ್ತಿದ್ದ. ಕುಡುಗೋಲಿನ ಕೆಲಸವೂ ದಿನೇ ದಿನೇ ಕಡಿಮೆಯಾಯಿತು. ಒಂದು ಬೇಸಿಗೆಯಲ್ಲಿ ಸುತ್ತಿಗೆ ಎತ್ತಲು ಕೈ ಬರುವುದಿಲ್ಲ ಎಂದು ಮಲಗಿದವನು ಮತ್ತೆ ಏಳಲಿಲ್ಲ.

ಅವನು ಹೋದ ಮೇಲೆ ನಾನು ಕಬ್ಬು ಕಡಿಯಲು ಹೋದೆ. ಅಲ್ಲಿ ಕುರುಬನ ಹೆಂಡತಿ ಸೂಡು ಕಟ್ಟುತ್ತಿದ್ದಳು. ಕುರಿಗಳನ್ನೆಲ್ಲ ಮಾರಿದ್ದಾಳೆಂದೂ, ಗಂಡ ಜೈಲಿನಲ್ಲೇ ಹಾಸಿಗೆ ಹಿಡಿದಿದ್ದಾನೆಂದೂ ಬೇರೆಯವರ ಬಾಯಿಂದ ಕೇಳಿದೆ. ಊಟದ ಹೊತ್ತಿಗೆ ರೊಟ್ಟಿಯ ಗಂಟು ಹಿಡಿದು ಅವಳ ಹತ್ತಿರ ಹೋಗಿ ಕೂತೆ. ಅವಳು ತನ್ನ ರೊಟ್ಟಿ ಕಟ್ಟಿಕೊಂಡು, ಈಗ ನಡೆಯುವಷ್ಟು ದೊಡ್ಡದಾಗಿದ್ದ ಕೂಸಿನ ಕೈ ಹಿಡಿದುಕೊಂಡು, ಬದುವಿನ ಆಚೆ ಬದಿಗೆ ಹೋಗಿ ನನಗೆ ಬೆನ್ನು ಮಾಡಿ ಕೂತಳು. ಆ ಹಂಗಾಮು ಮುಗಿಯುವವರೆಗೂ ನಾವಿಬ್ಬರೂ ಅದೇ ಹೊಲದಲ್ಲಿ ದುಡಿದೆವು.