ದೇವರ ಮನೆಯ ನಾಲ್ಕು ಪೆಟ್ಟಿಗೆ ಟೈಲ್ಸ್

ಟೈಲ್ಸ್ ಅಂಗಡಿಯಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ, ಬಗ್ಗಿ ಟೈಲಿನಲ್ಲಿ ನನ್ನ ಮುಖ ನೋಡಿಕೊಂಡದ್ದು. ಮುಖ ಚೆನ್ನಾಗಿ ಕಂಡಿತು. ಐವತ್ತೆರಡನೇ ವಯಸ್ಸಿನಲ್ಲಿ ನಮ್ಮನ್ನು ಇಷ್ಟು ಚೆನ್ನಾಗಿ ತೋರಿಸುವ ವಸ್ತು ಸಿಕ್ಕರೆ ಯಾರು ಬಿಡುತ್ತಾರೆ? ನಂಜನಗೂಡಿನ ನಮ್ಮ ಹಳೆಯ ಮನೆಯ ಕೆಂಪು ಗಾರೆ ನೆಲ ಬಿರುಕು ಬಿಟ್ಟಿತ್ತು. ಹಾಲಿಗೂ ದೇವರ ಮನೆಗೂ ಆಗುವಷ್ಟು ಹೊಳೆಯುವ ಬಿಳಿ ಟೈಲ್ಸ್ ಆಟೋಗೆ ಹೇರಿಸಿಕೊಂಡು, ಮದುವೆ ದಿಬ್ಬಣದವನಂತೆ ಮುಂದೆ ಕೂತು ಬಂದೆ.

ಹಾಕಲು ಮೇಸ್ತ್ರಿ ಬೇಕಲ್ಲ. ಟಿ. ನರಸೀಪುರದ ಕಡೆಯಿಂದ ಸಿದ್ಧಾರ್ಥ ಎಂಬವನನ್ನು ಕರೆಸಿ, ಇಂಥ ಕೈ ಸಿಗುವುದಿಲ್ಲ ಎಂದು ನನ್ನ ಜೊತೆ ಕೆಲಸ ಮಾಡುವ ಮೇಷ್ಟ್ರೊಬ್ಬರು ಹೇಳಿದರು. ಬೈಕಿನ ಹಿಂದೆ ಕಟ್ಟರ್ ಮಿಷನ್ ಕಟ್ಟಿಕೊಂಡು ಅವನು ಬಂದ. ಮೂವತ್ತನಾಲ್ಕು ವಯಸ್ಸು, ಸಣ್ಣ ಆಳು. ಮಂಡಿಗೆ ಕಟ್ಟಿಕೊಳ್ಳಲು ಹಳೆಯ ದಿಂಬಿನ ಎರಡು ತುಂಡು ಚೀಲದಲ್ಲಿಟ್ಟಿದ್ದ. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ಮೇಲೆ ಮೈಸೂರಿನ ಬಡಾವಣೆಗಳಲ್ಲಿ ರಾಜಸ್ಥಾನದವರ ಕೈಕೆಳಗೆ ಮೂರು ವರ್ಷ ಸಿಮೆಂಟ್ ಕಲಸಿದವನು. ಅವರ ಹಿಂದಿಯನ್ನೂ ಕಲಿತ, ಅವರ ಕೆಲಸವನ್ನೂ ಕಲಿತ. ಭಾನುವಾರ ಮಾತ್ರ ಬರುವುದಿಲ್ಲ ಎಂದು ಮೊದಲೇ ಹೇಳಿದ. ಅವತ್ತು ಊರಿನ ಅಂಬೇಡ್ಕರ್ ಭವನದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನಂತೆ.

ಅಷ್ಟು ಸಾಕಿತ್ತು, ಆದರೂ ನನಗೆ ಸಮಾಧಾನವಾಗಲಿಲ್ಲ. ಊರು ಯಾವುದು, ಯಾವ ಬೀದಿ, ಅಪ್ಪನ ಹೆಸರೇನು ಎಂದು ಸುತ್ತಿ ಬಳಸಿ ಕೇಳಿದೆ. ಜಾತಿ ಕೇಳುವುದು ತಪ್ಪು ಎಂದು ಇಪ್ಪತ್ತೇಳು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿರುವವನು ನಾನು. ಆದ್ದರಿಂದ ಕೇಳಲಿಲ್ಲ, ತಿಳಿದುಕೊಂಡೆ.

ಸಿದ್ಧಾರ್ಥನೂ ನನ್ನನ್ನು ಒಂದು ಪ್ರಶ್ನೆ ಕೇಳಿದ. ಅಳತೆ ಪಟ್ಟಿಯನ್ನು ಇನ್ನೂ ಹೊರಗೆ ತೆಗೆದಿರಲಿಲ್ಲ.

"ಬೆಳಗ್ಗೆ ಮೊದ್ಲು ಸ್ನಾನ ಮಾಡೋರು ಯಾರು ಸಾ? ಮಾಡ್ಕಂಡು ಎಲ್ಲಿಗೆ ಓಯ್ತಾರೆ?"

ಮೊದಲು ಸ್ನಾನ ಮಾಡುವವಳು ನನ್ನ ತಾಯಿ ಪುಟ್ಟಬಸಮ್ಮ. ಎಪ್ಪತ್ತೆಂಟು ವರ್ಷ. ಸ್ನಾನವಾದ ಮೇಲೆ ಲಿಂಗಪೂಜೆಗೆ ಕೂರುವ ತನಕ ಅವಳಿಗೆ ಮಡಿ. ಎಲ್ಲರೂ ತುಳಿದ ಕಾಲೊರೆಸಿನ ಮೇಲೆ ಪಾದ ಇಡುವುದಿಲ್ಲ. ನೀರು ತೊಟ್ಟಿಕ್ಕುವ ಕಾಲಿನಲ್ಲೇ ಬಚ್ಚಲಿನಿಂದ ಹಾಲು ದಾಟಿ ದೇವರ ಮನೆಗೆ ಹೋಗುತ್ತಾಳೆ. ಯಾರೂ ಕೈ ಹಿಡಿಯಬಾರದು, ಹಿಡಿದರೆ ಮತ್ತೆ ಸ್ನಾನ. ಇದನ್ನೆಲ್ಲ ನಾನು ಹೆಮ್ಮೆಯಿಂದ ವಿವರಿಸಿದೆ. ಸಿದ್ಧಾರ್ಥ ನನ್ನ ಬಿಳಿ ಟೈಲೊಂದನ್ನು ತೆಗೆದು ನೆಲಕ್ಕಿಟ್ಟು, ಚೊಂಬಿನಿಂದ ನೀರು ಚಿಮುಕಿಸಿ, ಒಮ್ಮೆ ಕಾಲಿಟ್ಟು ನೋಡಿ ಅಂದ. ಇಟ್ಟೆ. ಕಿಟಕಿಯ ಸರಳು ಕೈಗೆ ಸಿಗದಿದ್ದರೆ ಅವತ್ತೇ ನನ್ನ ಸೊಂಟ ಮುರಿಯುತ್ತಿತ್ತು.

ಅವನು ಸ್ವಂತವಾಗಿ ಹಿಡಿದ ಮೊದಲ ಮನೆಯಲ್ಲಿ, ಯಜಮಾನರ ಆಸೆಯಂತೆ ಬಚ್ಚಲಿಗೆ ಹೊಳೆಯುವ ಟೈಲ್ಸ್ ಹಾಕಿದ್ದನಂತೆ. ಎರಡನೇ ವಾರ ಯಜಮಾನರು ಜಾರಿಬಿದ್ದು, ಮೇಸ್ತ್ರಿ ಸರಿಯಿಲ್ಲ ಎಂದು ಬೀದಿಯೆಲ್ಲ ಸಾರಿದರಂತೆ. ಅಂದಿನಿಂದ ಜನ ನಡೆಯುವ ದಾರಿ ಕೇಳದೆ ಅವನು ಕರಣೆ ಮುಟ್ಟುವುದಿಲ್ಲ. ಬಚ್ಚಲಿನಿಂದ ದೇವರ ಮನೆಯ ತನಕ ಕಾಲು ಜಾರದ ಒಂದೇ ತರಿ ಟೈಲ್ ಹಾಕಬೇಕು, ನಡುವೆ ನುಣುಪು ಬರಬಾರದು ಎಂದು ಖಂಡಿತವಾಗಿ ಹೇಳಿದ. ಅಂಗಡಿಯವನು ಸೀಲು ಒಡೆಯದ ಪೆಟ್ಟಿಗೆಗಳನ್ನು ವಾಪಸ್ ತೆಗೆದುಕೊಂಡು ತರಿಯಿರುವುದನ್ನು ಕೊಟ್ಟ. ಉತ್ಸಾಹದಲ್ಲಿ ನಾನು ಒಡೆದು ನೆಂಟರಿಗೆಲ್ಲ ತೋರಿಸಿದ್ದ ನಾಲ್ಕು ಪೆಟ್ಟಿಗೆ ಮಾತ್ರ ಮನೆಯಲ್ಲೇ ಉಳಿದವು.

ಹಾಲಿನ ಕೆಲಸ ಹದಿನೈದು ದಿನ ನಡೆಯಿತು. ಟೈಲು ಕೂರಿಸಿದ ಮೇಲೆ ಸಿದ್ಧಾರ್ಥ ಸುತ್ತಿಗೆಯ ಮರದ ಹಿಡಿಯಿಂದ ಮೂಲೆ ಮೂಲೆ ತಟ್ಟಿ ಕಿವಿಗೊಡುತ್ತಿದ್ದ. ಟೊಳ್ಳು ಸದ್ದು ಬಂದರೆ ಮಾತಿಲ್ಲದೆ ಎಬ್ಬಿಸಿ ಮತ್ತೆ ಕೂರಿಸುತ್ತಿದ್ದ. ಅಮ್ಮ ಕುರ್ಚಿ ಹಾಕಿಕೊಂಡು ನೋಡುತ್ತಾ ಅವನ ಮಕ್ಕಳು ಮರಿ ಎಲ್ಲ ವಿಚಾರಿಸಿಕೊಂಡಳು. ನಾನು ಅವನಿಗೆಂದು ಪೇಪರ್ ಲೋಟದ ಕಟ್ಟು ತಂದಿದ್ದೆ, ಸ್ವಚ್ಛತೆಗೆ. ನನ್ನ ಟೀ ಮಾತ್ರ ಸ್ಟೀಲ್ ಲೋಟದಲ್ಲೇ ಬರುತ್ತಿತ್ತು. ಆ ಸ್ವಚ್ಛತೆ ನನಗೇಕೆ ಬೇಕಿರಲಿಲ್ಲ ಎಂದು ನಾನು ಯೋಚಿಸಲಿಲ್ಲ.

ಹದಿನಾರನೇ ದಿನ ಅವನು ದೇವರ ಮನೆಯ ಹೊಸ್ತಿಲ ಹತ್ತಿರ ಬಂದ. ನಾನು ಗಂಟಲು ಸರಿಮಾಡಿಕೊಂಡೆ. ಒಳಗಡೆ ಬೇಡ, ಅಮ್ಮ ಹಳೇ ಕಾಲದವರು, ಅವರು ಒಪ್ಪುವುದಿಲ್ಲ, ನನಗೇನೂ ಇಲ್ಲಪ್ಪ ಅಂದೆ. ಪ್ರತಿ ಬಸವ ಜಯಂತಿಗೆ ಸಮಾನತೆಯ ಬಗ್ಗೆ ನಲವತ್ತು ನಿಮಿಷ ಮಾತಾಡುವ ಬಾಯಿಯೇ ಇದನ್ನೂ ಹೇಳಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನಮ್ಮ ಹಿರಿಯರು ನನ್ನನ್ನು ನೋಡದೆಯೇ ಹೇಳಿದ್ದಾರೆ. ಸಿದ್ಧಾರ್ಥ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಒಳಗೂ ಇದೇ ಟೈಲ್ ಹಾಕಿಸಿ ಎಂದಷ್ಟೇ ಹೇಳಿ, ಮಂಡಿಯ ದಿಂಬು ಬಿಚ್ಚಿಕೊಂಡು ಹೊರಟುಹೋದ.

ನಾನು ನಮ್ಮವನೇ ಆದ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ನಾಲ್ಕು ಪೆಟ್ಟಿಗೆ ಸುಮ್ಮನೆ ಬಿದ್ದಿವೆಯಲ್ಲ, ಚಿಕ್ಕ ಕೋಣೆ, ಎರಡೇ ಹೆಜ್ಜೆ ಎಂದುಕೊಂಡು ಹೊಳೆಯುವುದನ್ನೇ ಹಾಕಿಸಿದೆ. ದೀಪ ಹಚ್ಚಿದರೆ ನೆಲದಲ್ಲಿ ಇನ್ನೊಂದು ದೀಪ ಕಾಣುತ್ತಿತ್ತು. ಬಂದವರಿಗೆಲ್ಲ ತೋರಿಸಿದೆ.

ಅದನ್ನು ಹಾಕಿಸಿದ ಒಂಬತ್ತನೇ ದಿನ ಬೆಳಗ್ಗೆ ಅಮ್ಮ ಹೊಸ್ತಿಲು ದಾಟಿದವಳು ಆ ಎರಡನೇ ಹೆಜ್ಜೆಯಲ್ಲಿ ಬಿದ್ದಳು. ಮಣಿಕಟ್ಟು ಮುರಿಯಿತು. ಇನ್ನೊಂದು ಸಲ ಬಿದ್ದು ಸೊಂಟಕ್ಕೆ ಪೆಟ್ಟಾದರೆ ಏಳುವುದು ಕಷ್ಟ ಎಂದು ಡಾಕ್ಟರು ಅಂದರು. ಅಂದಿನಿಂದ ಅಮ್ಮ ಸ್ನಾನ ಮುಗಿಸಿ, ಹೆಜ್ಜೆ ಇಡಲು ಹೆದರಿ, ಬಚ್ಚಲ ಬಾಗಿಲಲ್ಲೇ ಒದ್ದೆ ಕಾಲಿನಲ್ಲಿ ನಿಲ್ಲುತ್ತಿದ್ದಳು. ಯಾರನ್ನೂ ಕರೆಯುತ್ತಿರಲಿಲ್ಲ. ನಾನು ಹೋಗಿ ಕೈ ಹಿಡಿದರೆ ಸುಮ್ಮನೆ ಹಿಡಿಸಿಕೊಂಡು ಬರುತ್ತಿದ್ದಳು, ಮತ್ತೆ ಸ್ನಾನ ಎನ್ನುತ್ತಲೂ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ಟೈಲ್ಸ್ ಕಿತ್ತು ಬೇರೆ ಹಾಕಲು ಕರೆದರೆ ನಮ್ಮವನು ಮತ್ತೆ ಬರಲಿಲ್ಲ. ಹಾಕಿದ್ದನ್ನು ಒಡೆಯುವುದು ಅಪಶಕುನವಂತೆ. ಟಿ. ನರಸೀಪುರದಲ್ಲಿ ಸಿದ್ಧಾರ್ಥ ಕೆಲಸ ಮಾಡುತ್ತಿದ್ದ ಮನೆಯನ್ನು ಹುಡುಕಿಕೊಂಡು ನಾನೇ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಒಳ್ಳೊಳ್ಳೆಯ ವಾಕ್ಯ ಜೋಡಿಸಿಕೊಂಡಿದ್ದೆ. ಅಮ್ಮ ಬಿದ್ದಳು ಎಂದಷ್ಟೇ ಹೇಳಿದೆ. ಅವನು ಕರಣೆ ಕೆಳಗಿಟ್ಟು, ಎಲ್ಲಿ ಪೆಟ್ಟಾಯಿತು, ಈಗ ನಡೆಯುತ್ತಾರಾ ಎಂದು ಕೇಳಿದ. ಆಮೇಲೆ ಅಂದ:

"ಬತ್ತೀನಿ ಸಾ. ಆದ್ರೆ ಈ ಸಲ ನಿಮ್ಮ ಮಾತ್ ಮೇಲೆ ಒಳಿಕೆ ಬರಲ್ಲ. ಅಮ್ಮಾರನ್ನೇ ಕೇಳ್ತೀನಿ."

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅಮ್ಮ ಬೇಡ ಎಂದುಬಿಟ್ಟರೆ ಅವನು ಹೊರಟುಹೋಗುತ್ತಾನೆ, ಅವಳು ಬಚ್ಚಲ ಬಾಗಿಲಲ್ಲೇ ನಿಲ್ಲುತ್ತಾಳೆ. ಬಾ ಎಂದರೆ ನನ್ನ ಬಣ್ಣ ಬಯಲಾಗುತ್ತದೆ. ಬೇಡ ಅಂದರೇ ವಾಸಿ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಇಂಥ ಮಗನನ್ನು ಹೆತ್ತವಳ ಮಣಿಕಟ್ಟಷ್ಟೇ ಮುರಿದದ್ದು ಪುಣ್ಯ.

ಸಿದ್ಧಾರ್ಥ ಬಂದ. ದಿಂಬು ಕಟ್ಟಿಕೊಂಡು ಹೊಸ್ತಿಲ ಈಚೆ ನಿಂತ. ಅಮ್ಮ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದಳು.

"ಅಮ್ಮಾ, ದೇವ್ರ ಮನೆ ಒಳಿಕೆ ಬರ್ಲಾ?"

"ಬಾರಪ್ಪ. ಮನೆಯೆಲ್ಲ ಓಡಾಡಿದ್ದೀಯ, ಇವತ್ತೇನು ಹೊಸ್ದಾಗಿ ಕೇಳೋದು?"

"ಇಲ್ಲಿಗೆ ಬರೋದು ನಿಮಗೆ ಇಷ್ಟ ಇಲ್ಲ ಅಂತ ಸಾ ಹೇಳಿದ್ರು."

ಅಮ್ಮ ನನ್ನ ಕಡೆಗೆ ತಿರುಗಿದಳು. "ನಾನ್ಯಾವಾಗ ಹಂಗಂದೆ?"

ಅವತ್ತು ಕೇಳಿದ್ದರೆ ಬೇಡವೆನ್ನುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಕೇಳಿರಲೇ ಇಲ್ಲ. ಐವತ್ತೆರಡು ವರ್ಷದ ಗಂಡಸು ಅಮ್ಮನ ಸೆರಗಿನ ಹಿಂದೆ ಅಡಗಿ ನಿಂತಿದ್ದೆ.

"ನೀನು ಅಂದಿಲ್ಲಮ್ಮ," ಅಂದೆ. "ಬೇಡ ಅಂದದ್ದು ನಾನೇ."

"ಅವತ್ತೇ ಗೊತ್ತಿತ್ತು ಸಾ," ಅಂದ ಸಿದ್ಧಾರ್ಥ. ಒಳಗೆ ಕಾಲಿಟ್ಟು ಮಂಡಿಯೂರಿ, ಮೊದಲ ಟೈಲಿಗೆ ಉಳಿ ಇಟ್ಟ.